ಎಮ್ಮೆಬೆನ್ನು ಬಂಡೆಯ ಮೃದೂಕರಣ

ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲೂಕುಗಳ ಕಡಲಂಚಿನ ಬಂಡೆಗಳು ಬಹುಕಾಲದಿಂದ ಯಾವ ಪ್ರಯೋಜನಕ್ಕೂ ಬಾರದೆ ಸುಮ್ಮನೆ ಬಿದ್ದುಕೊಂಡಿವೆ ಎಂಬ ಸಂಗತಿ ಮೇಲಿನವರ ಗಮನಕ್ಕೆ ಬಂದಿತು. ಈ ಕುರಿತು ಬಂಡೆಗಳಿಂದ ಯಾವುದೇ ತಕರಾರು ಬಾರದಿದ್ದ ಕಾರಣ, ಅವನ್ನು ಸದುಪಯೋಗಪಡಿಸಿಕೊಳ್ಳಲು ಒಂದು ಸಮಿತಿಯನ್ನು ರಚಿಸಲಾಯಿತು. ಅದರ ಹೆಸರು 'ತ್ರಿತಾಲೂಕು ಬಂಡೆಯೇರು ಕಿರುವಾಹನ ಉತ್ಸವ ಸಮಿತಿ'. ಹೆಸರು ಒಂದೇ ಫಲಕದಲ್ಲಿ ಹಿಡಿಸದೆ ಹೋದದ್ದರಿಂದ ಅದನ್ನು ಎರಡು ಫಲಕಗಳಲ್ಲಿ ಬರೆಸಿ, ಹೊನ್ನಾವರದ ಕಚೇರಿಯ ಬಾಗಿಲಿನ ಎಡಕ್ಕೊಂದು ಬಲಕ್ಕೊಂದು ತೂಗುಹಾಕಿದರು.

ಸಮಿತಿಯ ಕಾರ್ಯದರ್ಶಿಯಾಗಿ ನೇಮಕಗೊಂಡವನು ಜಗದೀಶ. ಅಲ್ಲಿಯವರೆಗೆ ಅವನು ಜನನ ಮರಣ ವಿಭಾಗದಲ್ಲಿದ್ದ. ಒಂದು ಮಧ್ಯಾಹ್ನ ಹಳೆಯ ಕಡತಗಳ ರಾಶಿಯ ಮೇಲೆ ಆಟಿಕೆ ಕಾರೊಂದನ್ನು ರಿಮೋಟಿನಿಂದ ಹತ್ತಿಸುತ್ತಿದ್ದಾಗ ಸಾಹೇಬರ ಕೈಗೆ ಸಿಕ್ಕಿಬಿದ್ದ. ಕಾರಣ ಕೇಳಿ ನೋಟಿಸು ಬಂತು. ಜಗದೀಶ ಕೊಟ್ಟ ವಿವರಣೆ ಎಷ್ಟು ಉದ್ದವಾಗಿತ್ತೆಂದರೆ, ಅದನ್ನು ಓದಿ ಮುಗಿಸಲಾರದೆ ಸಾಹೇಬರು ಅವನನ್ನು ವಿಷಯತಜ್ಞನೆಂದು ಘೋಷಿಸಿ ಸಮಿತಿಗೆ ದಾಟಿಸಿಬಿಟ್ಟರು.

ವಿವರಣೆಯಲ್ಲಿದ್ದ ಮಾತು ಸರಳವಾದದ್ದೇ. ಈ ಕಾರುಗಳಿಗೆ ಕ್ರಾಲರ್ ಎನ್ನುತ್ತಾರೆ. ಎರಡು ಕೈಯಲ್ಲಿ ಎತ್ತಿ ಹಿಡಿಯುವಷ್ಟು ದೊಡ್ಡದು. ಕಲ್ಲು, ಬಂಡೆ, ಕೊರಕಲುಗಳನ್ನು ಏಡಿಯ ಹಾಗೆ ತಡವುತ್ತ ತಡವುತ್ತ ಹತ್ತುವುದೇ ಅದರ ಕಸುಬು. ಇಲ್ಲಿ ಬೇಗ ಹೋದವನು ಗೆಲ್ಲುವುದಿಲ್ಲ, ಬೀಳದೆ ಹೋದವನು ಗೆಲ್ಲುತ್ತಾನೆ. ನಿಧಾನವಾಗಿ ಹೋದಷ್ಟೂ ಒಳ್ಳೆಯದು ಎಂಬ ಈ ಕ್ರೀಡಾತತ್ವವು ಕಚೇರಿಯಲ್ಲಿ ಯಾರಿಗೂ ಹೆಚ್ಚು ಬಿಡಿಸಿ ಹೇಳಬೇಕಾಗಿ ಬರಲಿಲ್ಲ.

ಆದರೆ ಇಡೀ ಆಟದ ಗುಟ್ಟು ಇರುವುದು ಟೈರಿನಲ್ಲಿ, ಅದಕ್ಕಿಂತ ಹೆಚ್ಚಾಗಿ ಟೈರಿನ ಹೊಟ್ಟೆಯಲ್ಲಿ. ಈ ಟೈರಿಗೆ ಗಾಳಿ ತುಂಬುವುದಿಲ್ಲ. ಒಳಗೆ ಬಳೆಯ ಆಕಾರದ ಫೋಮ್ ಇಡುತ್ತಾರೆ. ಫೋಮ್ ತೀರ ಮೆತ್ತಗಾದರೆ ಟೈರು ಕಲ್ಲನ್ನು ಚೆನ್ನಾಗಿ ತಬ್ಬಿಕೊಳ್ಳುತ್ತದೆ, ಆದರೆ ಓರೆಯಲ್ಲಿ ಮಡಚಿಕೊಂಡು ಕಾರು ಮಗುಚುತ್ತದೆ. ತೀರ ಗಟ್ಟಿಯಾದರೆ ಕಾರು ನೆಟ್ಟಗೆ ನಿಲ್ಲುತ್ತದೆ, ಆದರೆ ಕಲ್ಲಿನ ಮೇಲೆ ತೆಂಗಿನ ಚಿಪ್ಪು ಉರುಳಿದ ಹಾಗೆ ಜಾರುತ್ತದೆ. ಈ ಎರಡರ ನಡುವೆ ಎಲ್ಲೋ ಒಂದು ಕಡೆ ಸತ್ಯ ಇದೆ ಎಂದು ಜಗದೀಶ ನಂಬಿದ್ದ. ಆ ಸತ್ಯವನ್ನು ಹುಡುಕುತ್ತ ಅವನು ಪಾತ್ರೆ ತಿಕ್ಕುವ ಸ್ಪಂಜು, ಹವಾಯಿ ಚಪ್ಪಲಿಯ ಅಟ್ಟೆ, ಹಳೆಯ ಹೆಲ್ಮೆಟ್ಟಿನ ಒಳಪದರ, ಹೆಂಡತಿ ಸಂಗೀತಾಳ ಸೋಫಾದ ಒಂದು ಮೂಲೆ, ಇವಿಷ್ಟನ್ನೂ ಕತ್ತರಿಸಿ ನೋಡಿದ್ದ. ಸೋಫಾದ ಆ ಮೂಲೆಯಲ್ಲಿ ಈಗ ನೆಂಟರನ್ನು ಕೂರಿಸುವುದಿಲ್ಲ.

ಅವನ ಕಣ್ಣು ಇದ್ದದ್ದು ಒಂದೇ ಬಂಡೆಯ ಮೇಲೆ. ಅಪ್ಸರಕೊಂಡದ ಕೆಳಗೆ, ಕಡಲ ಬದಿಗೆ ಕಪ್ಪಗೆ ಮಲಗಿರುವ ಅದಕ್ಕೆ ಊರಿನವರು ಎಮ್ಮೆಬೆನ್ನು ಅನ್ನುತ್ತಾರೆ. ಮೇಲಿನಿಂದ ಸಣ್ಣಗೆ ನೀರು ಒಸರುವುದರಿಂದ ಅದರ ಹೆಗಲ ಮೇಲೆ ಪಾಚಿ ಕಟ್ಟಿದೆ. ಅವನ ಕಾರು ಎಲ್ಲ ಕಡೆ ಹತ್ತಿ, ಆ ಹೆಗಲಿಗೆ ಬಂದ ಕೂಡಲೇ ಜಾರಿ ಕೆಳಗೆ ಬೀಳುತ್ತಿತ್ತು. ರವಿವಾರ ಬಂತೆಂದರೆ ಅಲ್ಲಿಗೆ ತೆಂಗಿನಗುಂಡಿಯಿಂದ ದಿವ್ಯಶ್ರೀಯೂ ಬರುತ್ತಿದ್ದಳು. ಮನೆಯಲ್ಲಿ ಬೋಟು, ಮೀನಿನ ವ್ಯಾಪಾರ. ಲೆಕ್ಕ ನೋಡುವುದು ಇವಳ ಕೆಲಸ. ಬಂದರಿನ ತಡೆಗೋಡೆಯ ಕಲ್ಲುಗಳ ಮೇಲೆ ಕ್ರಾಲರ್ ಓಡಿಸಿ ಕಲಿತವಳು.

"ಜಗದೀಶಣ್ಣ, ನಿಮ್ಮ ಫೋಮು ಮೆತ್ತಗಾತು. ಕೊಟ್ಟೆ ಕಡುಬಿನ ಹಾಂಗೆ ಕೂತ್ಕಂತದೆ ನೋಡಿ."

"ನಿಂದು ಕಲ್ಲಾತು, ತಂಗಿ. ಕಲ್ಲಿನ ಮೇಲೆ ಕಲ್ಲು ಹತ್ತೂದಿಲ್ಲ."

"ಒಳಗೆ ಗಟ್ಟಿ, ಹೊರಗೆ ಮೆತ್ತಗೆ ಇಟ್ರೆ?"

ಜಗದೀಶ ಅವತ್ತೇ ಮನೆಗೆ ಹೋಗಿ, ನಡುವೆ ಗಟ್ಟಿ ಫೋಮಿನ ಬಳೆ, ಅದರ ಸುತ್ತ ಮೆತ್ತನೆಯ ಬಳೆ ಕೂರಿಸಿದ. ಒಳಗೆ ಹೊಕ್ಕ ನೀರು ಹೊರಗೆ ಹೋಗಲೆಂದು ಟೈರಿಗೆ ಸೂಜಿಯಷ್ಟು ತೂತು ಕೊರೆದ. ಮುಂದಿನ ಜೋಡಿ ತುಸು ಮೆದು, ಹಿಂದಿನದು ತುಸು ಬಿಗಿ. ಹೆಬ್ಬೆರಳಲ್ಲಿ ಒತ್ತಿ ಒತ್ತಿ ನೋಡಿ, ಸಂಗೀತಾಳ ಕೈಗೂ ಕೊಟ್ಟು ಒತ್ತಿಸಿದ. "ಹಲಸಿನ ಹಣ್ಣು ಆಯ್ದಂಗೆ ಆತಲ್ರಿ ಇದು" ಎಂದಳು ಅವಳು.

ಮಾರನೆಯ ರವಿವಾರ ಸಂಜೆ ಕಾರು ಎಮ್ಮೆಬೆನ್ನಿನ ಹೆಗಲಿಗೆ ಬಂತು. ಪಾಚಿಯ ಮೇಲೆ ಮುಂದಿನ ಗಾಲಿ ಒಮ್ಮೆ ಚೂರು ಜಾರಿತು. ಟೈರು ಹೊಟ್ಟೆ ಒಳಗೆಳೆದುಕೊಂಡು, ಉಬ್ಬಿ, ಮತ್ತೆ ಕಲ್ಲನ್ನು ಹಿಡಿಯಿತು. ಒಂದು ನಿಮಿಷ ಅದು ಹೋಗುತ್ತಿದೆಯೋ ನಿಂತಿದೆಯೋ ತಿಳಿಯಲಿಲ್ಲ. ಆಮೇಲೆ ನೋಡಿದರೆ ನೆತ್ತಿಯ ಮೇಲಿತ್ತು.

"ಇಷ್ಟೇಯಾ?" ಎಂದಳು ಸಂಗೀತಾ, ನೆಲಗಡಲೆ ಸಿಪ್ಪೆ ಉದುರಿಸಿಕೊಂಡು. ತಿರುಗಿ ನೋಡಿದರೆ ಗಂಡನ ಕಣ್ಣಲ್ಲಿ ನೀರು. ಅವಳು ಉಳಿದ ನೆಲಗಡಲೆಯನ್ನು ಪೂರ್ತಿ ಅವನಿಗೇ ಕೊಟ್ಟಳು. ಉತ್ಸವದ ದಿನ ಮೂರೂ ತಾಲೂಕಿನ ಜನರ ಎದುರಿಗೆ ಇದನ್ನೇ ಇನ್ನೊಮ್ಮೆ ಮಾಡಿ ತೋರಿಸಬೇಕು ಎಂಬುದೊಂದೇ ಜಗದೀಶನ ಆಸೆಯಾಗಿತ್ತು. ಅವನು ಕಾರ್ಯದರ್ಶಿಯಾದದ್ದು ಈ ಆಸೆಗೆ ಅನುಕೂಲವೇ ಆಗುತ್ತದೆ ಎಂದು ಆಗ ಅವನು ತಿಳಿದಿದ್ದ.

ಸಮಿತಿಯ ಅಧ್ಯಕ್ಷರು ಭಟ್ಕಳದ ಸೋಮಯ್ಯನವರು. ಅವರಿಗೆ ಗಾದಿ ಮತ್ತು ದಿಂಬಿನ ದೊಡ್ಡ ಅಂಗಡಿ ಇದೆ. ಯಾವ ವಸ್ತು ಎದುರಿಗೆ ಬಂದರೂ ಅಂಗೈಯಿಂದ ತಟ್ಟಿ ನೋಡುವುದು ಅವರ ಅಭ್ಯಾಸ. ಉಪಾಧ್ಯಕ್ಷರು ಕುಮಟಾದ ಮಹಾದೇವರು. ಸವೆದ ಲಾರಿ ಟೈರುಗಳಿಗೆ ರಬ್ಬರು ಅಂಟಿಸಿ ಮತ್ತೆ ರಸ್ತೆಗೆ ಬಿಡುವ ಶೆಡ್ಡು ಅವರದ್ದು. ಅವರು ಏನನ್ನೇ ಆದರೂ ಒಮ್ಮೆ ಕಾಲಿನಿಂದ ಒದ್ದು ನೋಡಿಯೇ ಅಭಿಪ್ರಾಯ ಹೇಳುವವರು. ಕ್ರಾಲರ್ ಕಾರಿಗೆ ಬೇಕಾದದ್ದು ಟೈರು ಮತ್ತು ಫೋಮ್; ಸಮಿತಿಯ ಮುಖ್ಯಸ್ಥರು ಮಾರುವುದೂ ಟೈರು ಮತ್ತು ಫೋಮ್. ಇದು ಕಾಕತಾಳೀಯ ಎಂದು ಮೊದಲನೆಯ ಸಭೆಯಲ್ಲೇ ಒಮ್ಮತದಿಂದ ತೀರ್ಮಾನಿಸಿ ನಡಾವಳಿಯಲ್ಲಿ ಬರೆದುಕೊಳ್ಳಲಾಯಿತು.

ಆಮೇಲೆ ನಿಯಮಗಳ ಚರ್ಚೆ. ಒಬ್ಬೊಬ್ಬರು ಒಂದೊಂದು ಬಗೆಯ ಟೈರು ತಂದರೆ ಒಬ್ಬರು ಹತ್ತಿ ಇನ್ನೊಬ್ಬರು ಬೀಳುವ ಸಂಭವ ಇದೆ, ಇದರಿಂದ ಅಸಮಾನತೆ ಉಂಟಾಗುತ್ತದೆ, ಆದ್ದರಿಂದ ಎಲ್ಲರಿಗೂ ಒಂದೇ ಟೈರು, ಒಂದೇ ಫೋಮ್ ಎಂದು ಗೊತ್ತಾಯಿತು.

"ಮೆತ್ತಗಿರ್ಲಿ. ಮೆತ್ತಗಿದ್ರೆ ಕಾರಿಗೂ ಸುಖ, ಬಂಡೆಗೂ ಸುಖ" ಎಂದರು ಸೋಮಯ್ಯನವರು ಮೇಜನ್ನು ತಟ್ಟುತ್ತ.

"ಫೋಮೇ ಬ್ಯಾಡ ಮಾರಾಯ್ರೆ" ಎಂದರು ಮಹಾದೇವರು. "ಬರೀ ರಬ್ಬರು. ಗಟ್ಟಿ ರಬ್ಬರು. ನಮ್ಮ ಶೆಡ್ಡಿಂದ ಹೋದ ಟೈರು ಘಟ್ಟ ಹತ್ತಿ ಹುಬ್ಬಳ್ಳಿ ಮುಟ್ತದೆ. ಈ ಬಂಡೆ ಎಂತ ದೊಡ್ಡದು?"

ಭಟ್ಕಳದ ಸದಸ್ಯರು ಮೆದು ಪಕ್ಷ, ಕುಮಟಾದವರು ಗಟ್ಟಿ ಪಕ್ಷ ಎಂದು ಸಭೆ ಎರಡಾಯಿತು. ಹೊನ್ನಾವರದವರು ನಡುವೆ ಕುಳಿತಿದ್ದರಿಂದ ಎರಡೂ ಕಡೆಯ ಚಹಾ ಅವರಿಗೇ ಬರುತ್ತಿತ್ತು. ಆಗ ಜಗದೀಶ ಎದ್ದು, ಒಳಗೆ ಗಟ್ಟಿ, ಹೊರಗೆ ಮೆತ್ತಗೆ ಇರುವ ಎರಡು ಪದರದ ಫೋಮ್ ಬಗ್ಗೆ ವಿನಯದಿಂದ ಹೇಳಿದ. ಎಲ್ಲರೂ ತಲೆದೂಗಿದರು. ಸಮಸ್ಯೆ ಬಗೆಹರಿಯಿತು ಎನ್ನುವಷ್ಟರಲ್ಲಿ ಮಹಾದೇವರು ಕೇಳಿದರು: "ಗಟ್ಟಿ ಎಲ್ಲಿರ್ತದೆ?"

"ಒಳಗೆ."

"ಹೊರಗಿಂದ ಕಾಣ್ತದ್ಯಾ?"

"ಇಲ್ಲ ಸಾಹೇಬ್ರೆ."

"ಅಂದ್ರೆ ಭಟ್ಕಳ ಹೊರಗೆ, ಕುಮಟಾ ಒಳಗೆ ಅದರ ಹೊಟ್ಟೇಲಿ. ಅದಲ್ವಾ?" ಎಂದು ಅವರು ಎದ್ದು ನಿಂತು ಕುರ್ಚಿಯನ್ನು ಒದ್ದರು. ಕುಮಟಾದ ಸದಸ್ಯರೆಲ್ಲ ಎದ್ದು ತಮ್ಮ ತಮ್ಮ ಕುರ್ಚಿಗಳನ್ನು ಒದ್ದರು. ಒಳಗಿನದನ್ನು ಹೊರಗೆ ಮಾಡಬಹುದೇ ಎಂದು ಸೋಮಯ್ಯನವರು ವಿಚಾರಿಸಿದರು. ಹಾಗೆ ಮಾಡಿದರೆ ಕಾರು ಬೀಳುತ್ತದೆ ಎಂದು ಜಗದೀಶ ಹೇಳಿದಾಗ, ಕಾರು ಬಿದ್ದರೆ ಎತ್ತಬಹುದು, ತಾಲೂಕು ಬಿದ್ದರೆ ಎತ್ತುವುದು ಕಷ್ಟ ಎಂದು ಅವರು ನಿಟ್ಟುಸಿರಿಟ್ಟರು.

ಸ್ಪರ್ಧಿಗಳ ಪ್ರತಿನಿಧಿಯಾಗಿ ಬಂದಿದ್ದ ದಿವ್ಯಶ್ರೀ ಹಿಂದಿನ ಬೆಂಚಿನಿಂದ ಕೈಯೆತ್ತಿದಳು. "ಅಲ್ಲ, ಯಾರಿಗೆ ಯಾವುದು ಬೇಕೋ ಅದನ್ನೇ ಹಾಕ್ಕಂಡು ಬಂದ್ರೆ ಎಂತ ಆಗ್ತದೆ? ಯಾರದ್ದು ಹತ್ತುತ್ತೋ ಅವ್ರು ಗೆದ್ರು."

ಜಗದೀಶನ ಮನಸ್ಸಿನಲ್ಲಿದ್ದದ್ದೂ ಇದೇ. ಅಧ್ಯಕ್ಷರು ಅವನ ಕಡೆ ನೋಡಿದರು. ಅವನು ಪೆನ್ನು ತೆಗೆದು ನಡಾವಳಿಯಲ್ಲಿ ಬರೆದ: 'ಸದರಿ ಸಲಹೆಯು ಪೈಪೋಟಿಗೆ ಎಡೆಮಾಡಿಕೊಡುವುದರಿಂದ ಸ್ಪರ್ಧೆಗೆ ಸೂಕ್ತವಲ್ಲವೆಂದು ತಿರಸ್ಕರಿಸಲಾಯಿತು.'

ಕೊನೆಗೆ, ಟೈರು ಮಹಾದೇವರ ಶೆಡ್ಡಿನಿಂದ, ಫೋಮ್ ಸೋಮಯ್ಯನವರ ಅಂಗಡಿಯಿಂದ ಎಂದು ಅಂಗೀಕಾರವಾಯಿತು. ಶೆಡ್ಡಿನವರು ಲಾರಿಯ ರಬ್ಬರನ್ನು ಚಿಕ್ಕ ಅಚ್ಚಿಗೆ ಎರೆದು ಟೈರು ಮಾಡಿದರು. ಮೇಜಿನ ಮೇಲಿಟ್ಟರೆ ಠಣ್ ಎನ್ನುತ್ತಿತ್ತು. ಗಾದಿಯನ್ನು ಕತ್ತರಿಸಿ ಮಾಡಿದ ಫೋಮ್ ಒಂದು ಲೋಟ ನೀರನ್ನು ಸದ್ದಿಲ್ಲದೆ ಕುಡಿದು, ಹಿಂಡುವವರೆಗೂ ಒಪ್ಪಿಕೊಳ್ಳುತ್ತಿರಲಿಲ್ಲ. ಎರಡಕ್ಕೂ ಗುಣಮಟ್ಟದ ಪ್ರಮಾಣಪತ್ರ ಬೇಕಾಗಿತ್ತು. ಟೈರಿಗೆ ಸೋಮಯ್ಯನವರು ತಟ್ಟಿ ನೋಡಿ ಕೊಟ್ಟರು, ಫೋಮ್‌ಗೆ ಮಹಾದೇವರು ಒದ್ದು ನೋಡಿ ಕೊಟ್ಟರು.

ಆದರೆ ಸ್ಪರ್ಧಿಗಳು ಅನುಮೋದಿತ ಫೋಮನ್ನೇ ಹಾಕಿದ್ದಾರೆಂದು ತಿಳಿಯುವುದು ಹೇಗೆ? ಫೋಮ್ ಇರುವುದು ಟೈರಿನ ಒಳಗೆ. ಆದ್ದರಿಂದ ಹೊಸ ನಿಯಮ ಬಂತು: 'ಕಣ್ಣಿಗೆ ಕಾಣದ ಫೋಮನ್ನು ಇಲ್ಲದ ಫೋಮ್ ಎಂದೇ ಪರಿಗಣಿಸತಕ್ಕದ್ದು. ತಪಾಸಣೆಯ ಅನುಕೂಲಕ್ಕಾಗಿ ಪ್ರತಿ ಟೈರಿಗೂ ಕಿಟಕಿ ಇಡತಕ್ಕದ್ದು.' ಪ್ರಕಟಣೆ ಹೊರಬಿದ್ದ ವಾರದೊಳಗೆ ಮೂರೂ ತಾಲೂಕಿನ ಕ್ರಾಲರ್ ಟೈರುಗಳಿಗೆಲ್ಲ ಬ್ಲೇಡಿನಿಂದ ಚೌಕಾಕಾರದ ಕಿಟಕಿ ಬಂತು. ಕೆಲವರು ಅದಕ್ಕೆ ಸೊಳ್ಳೆ ಪರದೆಯನ್ನೂ ಹಾಕಿದ್ದರು. ನಿಯಮದಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ.

ತಪಾಸಣಾಧಿಕಾರಿ ಜಗದೀಶನೇ. ಸ್ಪರ್ಧಿಗಳ ಪೈಕಿ ಒಬ್ಬನೂ ಜಗದೀಶನೇ. ಅವನ ಕಾರಿನಲ್ಲಿದ್ದದ್ದು ಆ ಎರಡು ಪದರದ ಫೋಮ್. ಅವನು ಅದನ್ನು ತೆಗೆಯಲು ಮನಸ್ಸಾಗದೆ, ವಿನಾಯಿತಿ ಕೋರಿ ಅರ್ಜಿ ಬರೆದ. ಅರ್ಜಿ ಟಪಾಲಿನಲ್ಲಿ ಹೋಗಿ ಅವನ ಮೇಜಿಗೇ ಬಂತು. ಅದನ್ನು ಓದಿ, ಅವನು ತನಗೆ ವಿಚಾರಣೆಯ ನೋಟಿಸು ಕಳಿಸಿದ. ಅಂಚೆಯವನು ಮನೆಗೆ ತಂದುಕೊಟ್ಟಾಗ ಸಂಗೀತಾ ಸಹಿ ಮಾಡಿ ತೆಗೆದುಕೊಂಡಳು.

"ಇದೆಂತದು? ನಿಮಗೆ ನೀವೇ ನೋಟಿಸು ಕೊಟ್ಕಂಡ್ರಾ?"

"ಕೊಡದೆ ಇರೂದು ಹ್ಯಾಂಗೆ? ಬೇರೆಯವ್ರಿಗೆಲ್ಲ ಕೊಟ್ಟಿದ್ದೆ. ನಂಗೆ ಮಾತ್ರ ಬಿಟ್ರೆ ಪಕ್ಷಪಾತ ಅಂತ ಆಗ್ತದೆ."

"ಹೋಗ್ತ್ರಾ ವಿಚಾರಣೆಗೆ?"

"ಹೋಗದೆ ಇದ್ರೆ ಏಕಪಕ್ಷೀಯ ತೀರ್ಮಾನ ಮಾಡಿಬಿಡ್ತಾರೆ" ಎಂದ ಜಗದೀಶ, ನಿಜವಾದ ಆತಂಕದಿಂದ.

ವಿಚಾರಣೆಯ ದಿನ ದಿವ್ಯಶ್ರೀಯೂ ತನ್ನ ಸರದಿ ಕಾಯುತ್ತ ಬಾಗಿಲಲ್ಲಿ ಕುಳಿತಿದ್ದಳು. ಜಗದೀಶ ಕುರ್ಚಿಯಲ್ಲಿ ಕುಳಿತು, "ಅರ್ಜಿದಾರರು ಹಾಜರಿದ್ದಾರೆಯೇ?" ಎಂದು ಕೇಳಿದ. ಎದ್ದು, ಮೇಜು ಸುತ್ತಿಕೊಂಡು ಬಂದು, ಎದುರಿನ ಬೆಂಚಿನ ಪಕ್ಕ ನಿಂತು, "ಇದ್ದೇನೆ ಸಾಹೇಬ್ರೆ" ಎಂದ. ಮತ್ತೆ ಮೇಜು ಸುತ್ತಿ ಹೋಗಿ ಕುಳಿತು, "ಅನುಮೋದಿತವಲ್ಲದ ಫೋಮ್ ಬಳಸಲು ಕಾರಣವೇನು?" ಎಂದ. ಮತ್ತೆ ಬಂದು, "ಅದರಿಂದ ಕಾರು ಹತ್ತುತ್ತದೆ" ಎಂದು ಹೇಳಿದ. ಹಿಂತಿರುಗಿ ಹೋಗಿ ಕುಳಿತ ಮೇಲೆ ತುಂಬ ಹೊತ್ತು ಯೋಚಿಸಿ ಕೇಳಿದ: "ಹತ್ತಬೇಕೆಂದು ನಿಯಮದಲ್ಲಿ ಎಲ್ಲಿದೆ?" ಈ ಸಲ ಎದ್ದು ಬಂದವನು ತಲೆ ತಗ್ಗಿಸಿ ನಿಂತ.

"ಜಗದೀಶಣ್ಣ" ಎಂದಳು ದಿವ್ಯಶ್ರೀ, ನೋಡಲಾರದೆ. "ನಿಮ್ದೇ ಟೈರು, ನಿಮ್ದೇ ಕುರ್ಚಿ. ಬಿಟ್ಬಿಡಿ ಅತ್ಲಾಗೆ."

"ತಂಗಿ, ಈ ಕುರ್ಚೀಲಿ ಕೂತಾಗ ನನಗೆ ಆ ಮನುಷ್ಯನ ಪರಿಚಯ ಇಲ್ಲ."

ಅರ್ಜಿ ವಜಾ ಆಯಿತು. ನಾಲ್ಕೂ ಟೈರುಗಳನ್ನು ಅರಗು ಹಚ್ಚಿದ ಚೀಲದಲ್ಲಿ ಹಾಕಿ ಕಪಾಟಿನಲ್ಲಿ ಜಪ್ತು ಮಾಡಲಾಯಿತು. ಕೀಲಿಕೈ ಜಗದೀಶನ ಕಿಸೆಯಲ್ಲೇ ಇತ್ತು. ಅವತ್ತು ಮನೆಯಲ್ಲಿ ಅವನು ಸರಿಯಾಗಿ ಊಟ ಮಾಡಲಿಲ್ಲ. ಸಂಗೀತಾ ಬಂಗಡೆಯ ನಡುತುಂಡನ್ನು ಅವನ ತಾಟಿಗೆ ಹಾಕಿ, "ಆ ಸಾಹೇಬ ಸುಮಾರಿನ ಮನುಷ್ಯನಲ್ಲ ಬಿಡಿ, ಮೇಲ್ಮನವಿ ಹಾಕಿ" ಎಂದಳು. ಮೇಲ್ಮನವಿಯೂ ತನ್ನ ಬಳಿಗೇ ಬರುತ್ತದೆ ಎಂದು ಅವನು ಹೇಳಲಿಲ್ಲ.

ಉತ್ಸವಕ್ಕೆ ಮುಂಚಿನ ಪ್ರಾಯೋಗಿಕ ಓಟ ಅಪ್ಸರಕೊಂಡದಲ್ಲಿ ನಡೆಯಿತು. ಶಾಮಿಯಾನ, ಧ್ವನಿವರ್ಧಕ, ಎಳನೀರು ಎಲ್ಲ ಇತ್ತು. ನಿಯಮಬದ್ಧ ಟೈರು ಮತ್ತು ನಿಯಮಬದ್ಧ ಫೋಮ್ ಧರಿಸಿದ ಕಾರುಗಳು ಎಮ್ಮೆಬೆನ್ನಿನ ಬುಡದಲ್ಲಿ ಸಾಲಾಗಿ ನಿಂತವು. ಸೀಟಿ ಊದಿದರು. ಮೊದಲ ಕಾರು ಕಿಟಕಿಯಿಂದ ನೀರು ಕುಡಿದು ಭಾರವಾಗಿ ಅಲ್ಲೇ ಕುಳಿತುಕೊಂಡಿತು. ಎರಡನೆಯದರ ಟೈರು ಕಲ್ಲಿನ ಮೇಲೆ ಟಕಟಕ ಸದ್ದು ಮಾಡುತ್ತ, ಇದ್ದ ಜಾಗದಲ್ಲೇ ತಿರುಗಿತು. ಮೂರನೆಯದರ ಕಿಟಕಿಯಿಂದ ಫೋಮ್ ಇಣುಕಿ, ನಿಧಾನವಾಗಿ ಹೊರಗೆ ಬಂದು, ಕಾರಿಗಿಂತ ಮುಂದೆ ಹೋಯಿತು. ದಿವ್ಯಶ್ರೀಯ ಕಾರು ಮಾತ್ರ ಮೊಣಕಾಲೆತ್ತರ ಹತ್ತಿ, ಅಲ್ಲಿಂದ ಬೆನ್ನಡಿಯಾಗಿ ಜಾರಿ ಉಪ್ಪುನೀರಿನ ಗುಂಡಿಗೆ ಬಿತ್ತು. ಅವಳು ಅದನ್ನು ಎತ್ತಿ ಸೆರಗಿನಲ್ಲಿ ಒರೆಸುತ್ತ ಜಗದೀಶನ ಕಡೆ ನೋಡಿದಳು. ಅವನು ಎಳನೀರಿನ ಬುರುಡೆಯೊಳಗೆ ನೋಡಿದ.

ಶಾಮಿಯಾನದಲ್ಲೇ ತುರ್ತು ಸಭೆ ಕರೆಯಲಾಯಿತು. ಉತ್ಸವ ರದ್ದಾದರೆ ಸಮಿತಿ ರದ್ದು, ಸಮಿತಿ ರದ್ದಾದರೆ ಜಗದೀಶ ಪುನಃ ಜನನ ಮರಣ ವಿಭಾಗಕ್ಕೆ. ಎಲ್ಲರ ಮುಖವೂ ಬಾಡಿತ್ತು. ಹೊಣೆ ಯಾರದ್ದು ಎಂಬ ಪ್ರಶ್ನೆ ಬಂದಾಗ, ಟೈರಿನದ್ದಲ್ಲ ಎಂದು ಮಹಾದೇವರು ಪ್ರಮಾಣಪತ್ರ ತೋರಿಸಿದರು. ಫೋಮಿನದ್ದಲ್ಲ ಎಂದು ಸೋಮಯ್ಯನವರೂ ತೋರಿಸಿದರು. ಕಾರಿನದ್ದಲ್ಲ, ಏಕೆಂದರೆ ಕಾರು ಓಡಿಸಿದವರು ಎದುರಿಗೇ ನಿಂತಿದ್ದರು.

"ಹಂಗಾರೆ ಉಳಿದದ್ದು ಯಾರು?" ಎಂದರು ಸೋಮಯ್ಯನವರು.

ಎಲ್ಲರೂ ತಿರುಗಿ ಎಮ್ಮೆಬೆನ್ನಿನ ಕಡೆ ನೋಡಿದರು. ಅದಕ್ಕೆ ಯಾವ ಪ್ರಮಾಣಪತ್ರವೂ ಇರಲಿಲ್ಲ.

ಮಹಾದೇವರು ಹೋಗಿ ಬಂಡೆಯನ್ನು ಒದ್ದು, ಕುಂಟುತ್ತ ಹಿಂತಿರುಗಿ, "ಭಾರೀ ಗಟ್ಟಿ ಅದೆ" ಎಂದು ವರದಿ ಮಾಡಿದರು. ಸೋಮಯ್ಯನವರು ತಟ್ಟಿ ನೋಡಿ ಅಂಗೈ ಊದಿಕೊಂಡರು. ಅಧ್ಯಕ್ಷರೂ ಉಪಾಧ್ಯಕ್ಷರೂ ಒಂದೇ ಅಭಿಪ್ರಾಯಕ್ಕೆ ಬಂದದ್ದು ಅದೇ ಮೊದಲು. ಅಲ್ಲಿಯೇ ಕುಳಿತು ಜಗದೀಶ ನೋಟಿಸು ಬರೆದ:

'ಎಮ್ಮೆಬೆನ್ನು, ಬಿನ್ ತಿಳಿದುಬಂದಿಲ್ಲ, ವಯಸ್ಸು ಸುಮಾರು, ಉದ್ಯೋಗ ಬಂಡೆ, ಸಾಕಿನ್ ಅಪ್ಸರಕೊಂಡದ ಕೆಳಗೆ, ಇವರಿಗೆ. ತಾವು ಸಮಿತಿಯಿಂದ ಅನುಮೋದಿತವಾದ ಟೈರು ಹಾಗೂ ಫೋಮ್‌ಗಳೊಂದಿಗೆ ಸಹಕರಿಸದೆ, ಅಗತ್ಯಕ್ಕಿಂತ ಹೆಚ್ಚು ಗಟ್ಟಿಯಾಗಿಯೂ, ಪಾಚಿ ಧರಿಸಿ ಜಾರುವಂತೆಯೂ ವರ್ತಿಸಿರುವುದು ಕಂಡುಬಂದಿರುತ್ತದೆ. ತಮ್ಮ ಮೇಲೆ ಏಕೆ ಕ್ರಮ ಜರುಗಿಸಬಾರದು ಎಂಬುದಕ್ಕೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು. ತಪ್ಪಿದಲ್ಲಿ ತಾವು ಹೇಳುವುದೇನೂ ಇಲ್ಲವೆಂದು ಭಾವಿಸಲಾಗುವುದು.'

ನೋಟಿಸನ್ನು ಬಂಡೆಯ ಮೇಲೆ ಅಂಟಿಸಿದರು. ಉಬ್ಬರ ಬಂದಾಗ ಕಡಲು ಅದನ್ನು ತೆಗೆದುಕೊಂಡು ಹೋಯಿತು. 'ಸದರಿಯವರು ನೋಟಿಸನ್ನು ಖುದ್ದು ಸ್ವೀಕರಿಸಿರುತ್ತಾರೆ' ಎಂದು ಜಗದೀಶ ಷರಾ ಬರೆದ. ಬರೆಯುವಾಗ ಅವನಿಗೆ ಒಂದು ಕ್ಷಣ, ಆ ಸಂಜೆ ಟೈರು ಕಲ್ಲನ್ನು ಹಿಡಿದುಕೊಂಡ ಆ ಗಳಿಗೆ ನೆನಪಾಗಿ ಕೈ ನಿಂತಿತು. ಬಂಡೆ ಗಟ್ಟಿ ಇದ್ದದ್ದಕ್ಕೇ ಅಲ್ಲವೆ ಟೈರು ಮೆತ್ತಗಾಗಬೇಕಾದದ್ದು ಎಂದು ಅನಿಸಿತು. ಆದರೆ ಪೆನ್ನಿನ ಶಾಯಿ ಒಣಗುವ ಮುಂಚೆ ವಾಕ್ಯ ಮುಗಿಸುವುದು ಅವನ ಇಪ್ಪತ್ತು ವರ್ಷದ ರೂಢಿ. ಮುಗಿಸಿದ.

ಗಡುವು ಕಳೆಯಿತು. ಬಂಡೆ ಏನೂ ಹೇಳಲಿಲ್ಲ. ಆಪಾದನೆಯನ್ನು ಅದು ಮೌನವಾಗಿ ಒಪ್ಪಿಕೊಂಡಿದೆ ಎಂದು ದಾಖಲಿಸಿ, 'ಮೃದೂಕರಣ'ಕ್ಕೆ ಆದೇಶ ಹೊರಡಿಸಲಾಯಿತು. ಭಟ್ಕಳದಿಂದ ಟೆಂಪೋಗಳಲ್ಲಿ ಗಾದಿಗಳು ಬಂದವು. ಎಮ್ಮೆಬೆನ್ನಿನ ಬೆನ್ನು, ಹೆಗಲು, ಕುತ್ತಿಗೆ ಎಲ್ಲಕ್ಕೂ ಗೇಣು ದಪ್ಪದ ಫೋಮ್ ಹಾಸಿದರು. ಗಾಳಿಗೆ ಹಾರಿಹೋಗಬಾರದೆಂದು ಕುಮಟಾದ ಶೆಡ್ಡಿನಿಂದ ರಬ್ಬರು ತಂದು ಮೇಲೆ ಬಿಗಿದರು. ಲಾರಿ ಟೈರಿನ ಅದೇ ಅಚ್ಚು ಇದ್ದದ್ದರಿಂದ, ಬಂಡೆಯ ತುಂಬ ಬಾಣದ ಗುರುತಿನ ಸಾಲುಗಳು ಮೂಡಿದವು. ಒಳಗೆ ಮೆತ್ತಗೆ, ಹೊರಗೆ ಗಟ್ಟಿ. ಕುಮಟಾ ಹೊರಗೆ ಕಾಣುತ್ತಿತ್ತು, ಭಟ್ಕಳದ ಸರಕು ಹೆಚ್ಚು ಖರ್ಚಾಗಿತ್ತು. ಅಧ್ಯಕ್ಷರೂ ಉಪಾಧ್ಯಕ್ಷರೂ ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಮೂರು ತಾಲೂಕುಗಳ ಒಗ್ಗಟ್ಟಿಗೆ ಇದು ಮಾದರಿ ಎಂದು ಪತ್ರಿಕಾ ಹೇಳಿಕೆ ಹೋಯಿತು.

ಈ ಹಂತದಲ್ಲಿ ಲೆಕ್ಕಪರಿಶೋಧಕರು ಒಂದು ಆಕ್ಷೇಪ ಎತ್ತಿದರು. ಬಂಡೆಗೂ ಟೈರು ಮತ್ತು ಫೋಮ್, ಕಾರಿಗೂ ಟೈರು ಮತ್ತು ಫೋಮ್. ಒಂದೇ ಕಾಮಗಾರಿಗೆ ಎರಡು ಸಲ ಸರಬರಾಜು ಹೇಗೆ? ಆಕ್ಷೇಪ ನ್ಯಾಯವಾದದ್ದೇ ಎಂದು ಸಮಿತಿ ಒಪ್ಪಿತು. ಹಾಸಿದ್ದನ್ನು ಕೀಳುವುದು ಕಷ್ಟವಾದ್ದರಿಂದ, ಕಾರಿನ ಟೈರುಗಳನ್ನು ಬಿಚ್ಚಿಸಲು ನಿರ್ಧಾರವಾಯಿತು.

ಉತ್ಸವದ ದಿನ ಜನ ಕಿಕ್ಕಿರಿದಿದ್ದರು. ಬರೀ ರಿಮ್ಮಿನ ಮೇಲೆ ನಿಂತ ಕಾರುಗಳು ಟೈರು ತೊಟ್ಟ ಬಂಡೆಯನ್ನು ಒಂದೊಂದಾಗಿ ಹತ್ತಿದವು. ರಬ್ಬರಿನ ಸಾಲಿಗೆ ರಿಮ್ಮಿನ ಅಂಚು ಸಿಕ್ಕಿಕೊಂಡು, ಬೀಳಬೇಕೆಂದರೂ ಬೀಳುವ ಹಾಗಿರಲಿಲ್ಲ. ಎಲ್ಲ ಕಾರುಗಳೂ ನೆತ್ತಿ ಮುಟ್ಟಿದವು. ಎಲ್ಲರಿಗೂ ಪ್ರಥಮ ಬಹುಮಾನ ಘೋಷಣೆಯಾಯಿತು. ಕಾರು ತರಲು ಮರೆತು ಬಂದ ಒಬ್ಬರಿಗೆ ದ್ವಿತೀಯ ಕೊಟ್ಟರು. ಜಗದೀಶನ ಕಾರೂ ಹತ್ತಿತು. ಜನ ಚಪ್ಪಾಳೆ ತಟ್ಟಿದರು. ಅವನು ರಿಮೋಟನ್ನು ಹಿಡಿದುಕೊಂಡು, ಚಪ್ಪಾಳೆ ಯಾರಿಗೆ ಎಂದು ಹಿಂತಿರುಗಿ ನೋಡಿದ.

"ಹ್ಯಾಂಗಾತು?" ಎಂದು ದಿವ್ಯಶ್ರೀಯನ್ನು ಕೇಳಿದ.

"ಆತು" ಎಂದಳು ಅವಳು. "ಒಂದು ಮಾತು ಹೇಳ್ಲಾ? ಹತ್ತಿದಾಂಗೆ ಆಗ್ಲಿಲ್ಲ. ಗಾದಿ ಅಂಗಡೀಲಿ ಮೀನು ಹಿಡಿದಾಂಗೆ ಆತು."

ಆದರೂ ಬಹುಮಾನದ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿದಳು. ಅದಕ್ಕೆ ಅವಳನ್ನು ಯಾರೂ ದೂರುವ ಹಾಗಿಲ್ಲ, ಚೌಕಟ್ಟು ಉಚಿತವಾಗಿತ್ತು.

ಉತ್ಸವ ಮುಗಿಯಿತು, ಬಂಡೆ ಮಾತ್ರ ಹಾಗೆಯೇ ಉಳಿಯಿತು. ಸೂರ್ಯಾಸ್ತ ನೋಡಲು ಬಂದ ಪ್ರವಾಸಿಗರು ಅದರ ಮೇಲೆ ಕುಳಿತು, ಆಮೇಲೆ ಒರಗಿ, ಕೊನೆಗೆ ಮಲಗತೊಡಗಿದರು. ಅಘನಾಶಿನಿಯಿಂದ ಬಳಚು ಎಂಬ ಚಿಪ್ಪುಮೀನು ಮಾರಲು ಬರುತ್ತಿದ್ದ ನಾಗಿ ಎಂಬ ಮುದುಕಿ ಬುಟ್ಟಿ ಇಳಿಸಿ ಒಂದು ಗಳಿಗೆ ಬೆನ್ನು ಚಾಚಿದಳು. ಏಳುವಾಗ ಅವಳು ಹೇಳಿದ ಮಾತು ಮೂರೂ ತಾಲೂಕುಗಳಲ್ಲಿ ಹಬ್ಬಿತು: "ನಮ್ಮೂರ ಕಲ್ಲು ಎಂತಕ್ಕೆ ಹಿಂಗಿಲ್ಲ?"

ಮನವಿಗಳು ಬರತೊಡಗಿದವು. ಅಘನಾಶಿನಿಯ ದಂಡೆಯ ಕಲ್ಲುಗಳಿಗೂ ಇದೇ ಸೌಲಭ್ಯ ಬೇಕು. ಅಪ್ಸರಕೊಂಡದ ಬಂಡೆಗೆ ಇರುವ ಗೌರವ ತಮ್ಮ ಬಂಡೆಗೆ ಏಕಿಲ್ಲ ಎಂದು ತೆಂಗಿನಗುಂಡಿಯವರು ಮೆರವಣಿಗೆ ತೆಗೆದರು. ಮುಂದೆ ದಿವ್ಯಶ್ರೀಯೇ ಇದ್ದಳು. ಸಮಿತಿ ಅವಳನ್ನು ಗೌರವ ಮೃದುತ್ವ ಪರಿವೀಕ್ಷಕಿಯನ್ನಾಗಿ ಮಾಡಿತು. ಸಮಿತಿಯ ಹೆಸರು ಮತ್ತಷ್ಟು ಉದ್ದವಾಗಿ, ಬಾಗಿಲಿನ ಮೇಲೆ ಮೂರನೆಯ ಫಲಕ ಬಂತು. ಕ್ರಾಲರ್ ಕಾರುಗಳ ವಿಷಯ ಕಡತದ ಹಿಂದಿನ ಪುಟಗಳಿಗೆ ಹೋಯಿತು. ಅವು ಮೆತ್ತನೆಯ ಬಂಡೆಗೆ ಗೀರು ಹಾಕುತ್ತವೆ ಎಂದು ಮುಂದಿನ ವರ್ಷದಿಂದ ನಿಷೇಧಿಸಲಾಯಿತು. ಪ್ರವಾಸಕ್ಕೆ ಬಂದ ಶಾಲೆಯ ಮಾಸ್ತರರೊಬ್ಬರು ಬಂಡೆಯನ್ನು ತೋರಿಸಿ, "ಬಂಡೆ ಅಂದ್ರೆ ಇದು ಮಕ್ಕಳೇ, ಒತ್ತಿದ್ರೆ ಒಳಗೆ ಹೋಗ್ತದೆ, ಬಿಟ್ರೆ ಮೇಲೆ ಬರ್ತದೆ" ಎಂದು ಪಾಠ ಹೇಳಿದರು. ಮಕ್ಕಳು ಬರೆದುಕೊಂಡರು.

ಜಗದೀಶನಿಗೆ ಬಡ್ತಿ ಸಿಕ್ಕಿತು. ಕೈಕೆಳಗೆ ಇಬ್ಬರು ಗುಮಾಸ್ತರು ಬಂದರು. ಮೃದೂಕರಣದ ಅರ್ಜಿಗಳು ಇಷ್ಟೆತ್ತರ ಬಿದ್ದಿರುತ್ತಿದ್ದವು, ತಲೆಯೆತ್ತಲು ಪುರುಸೊತ್ತಿಲ್ಲ. ಮೊದಮೊದಲು ರವಿವಾರ ಬಂದರೆ ಮೈ ಚಡಪಡಿಸುತ್ತಿತ್ತು. ಆಮೇಲೆ ಅದೂ ನಿಂತಿತು.

ಒಂದು ಸಂಜೆ ಸಂಗೀತಾಳ ಒತ್ತಾಯಕ್ಕೆ ಅವಳೊಂದಿಗೆ ಕಡಲ ದಂಡೆಗೆ ಹೋದ. ಮಾತಾಡಿಕೊಂಡು, ಜನವಿಲ್ಲದ ಕಡೆಗೆ ಬಹಳ ದೂರ ನಡೆದರು. ಅಲ್ಲಿ ಮರಳಿನಿಂದ ಅರ್ಧ ತಲೆಯೆತ್ತಿಕೊಂಡಿದ್ದ ಒಂದು ಕಲ್ಲು ಅವನ ಕಾಲಿಗೆ ಬಲವಾಗಿ ತಾಗಿತು. ಹೆಬ್ಬೆರಳಿನ ಉಗುರು ಎದ್ದು ರಕ್ತ ಬಂತು. ಅವನು ಕಲ್ಲಿನ ಎದುರು ಕುಕ್ಕರಗಾಲಲ್ಲಿ ಕುಳಿತು, ಅದರ ಮೇಲೆ ಹೆಬ್ಬೆರಳು ಊರಿ ಒತ್ತಿದ. ಇನ್ನೊಮ್ಮೆ, ಜೋರಾಗಿ ಒತ್ತಿದ. ಅದು ಒಳಗೆ ಹೋಗಲಿಲ್ಲ.

"ಎಂತಾತ್ರಿ? ಬಹಳ ನೋವಾ?" ಎಂದಳು ಸಂಗೀತಾ.

"ನೋವಿನ ಮಾತಲ್ಲ" ಎಂದ ಜಗದೀಶ. ಅವನ ಮುಖ ಸಿಟ್ಟಿನಿಂದ ಕೆಂಪಾಗಿತ್ತು. "ಗಟ್ಟಿ ಅದೆ, ಮಾರಾಯ್ತಿ! ಇಷ್ಟು ವರ್ಷದಿಂದ ಇಲ್ಲೇ ಗಟ್ಟಿಯಾಗಿ ಬಿದ್ಕಂಡದೆ. ಯಾರೂ ಕೇಳೋರಿಲ್ವಾ?"

"ಯಾರು ಕೇಳ್ತ್ರು, ನೀವೇ ಕೇಳ್ಬೇಕು" ಎಂದಳು ಸಂಗೀತಾ, ಕರವಸ್ತ್ರ ಹರಿದು ಅವನ ಬೆರಳಿಗೆ ಕಟ್ಟುತ್ತ. "ಈಗ ಏಳಿ. ಹೆಸರು ಗೊತ್ತಾದ್ರೆ ನಾಳೆ ನೋಟಿಸು ಕಳಿಸಿ."

ಜಗದೀಶ ಕಿಸೆಯಿಂದ ಪೆನ್ನು ತೆಗೆದ. ಸುತ್ತ ಯಾರಾದರೂ ಸಿಕ್ಕಾರೇನೋ, ಈ ಕಲ್ಲಿನ ತಂದೆಯ ಹೆಸರು ಹೇಳಿಯಾರೇನೋ ಎಂದು ದಂಡೆಯ ಉದ್ದಕ್ಕೂ ನೋಡತೊಡಗಿದ.